ಮೂರು ಲೈನು, ಒಂದು ಡಬ್ಬಿ: ಸೆಂಟರಿನ ನೆಟ್ ಹಂಚಿದ ನನ್ನ ಅನುಭವ

“ಎರಡು ಲೈನ್ ಸೇರಿಸಿ ಏನ್ ಮಾಡ್ತೀಯ, ಸುಮ್ನೆ ಒಂದೇ ದೊಡ್ಡ ಪ್ಲಾನ್ ಹಾಕಿಸ್ಕೊ” ಅಂತ ದಾವಣಗೆರೆಯಲ್ಲಿ ನನ್ನ ಹಾಗೇ ಆನ್‌ಲೈನ್ ಫಾರ್ಮ್ ತುಂಬೋ ಸೆಂಟರ್ ನಡೆಸೋ ಮೂರ್ನಾಲ್ಕು ಜನ ಹೇಳಿದ್ದರು. ಈಗ ಹೆಚ್ಚುಕಮ್ಮಿ ಒಂದು ವರ್ಷದಿಂದ ನಮ್ಮ ಸೆಂಟರಿನಲ್ಲಿ ನೆಟ್ ಪೂರ್ತಿ ನಿಂತಿಲ್ಲ. ಅದಕ್ಕೇ ಬರೀತಿದ್ದೀನಿ.

ಸೆಂಟರ್ ಇರೋದು ವಿದ್ಯಾನಗರದಲ್ಲಿ. ಕೆಳಗೆ ಎಂಟೊಂಬತ್ತು ಸಿಸ್ಟಮ್, ಮೇಲೆ ಹುಡುಗರ ರೀಡಿಂಗ್ ರೂಮ್. ಸಂಜೆಯಾದರೆ ಮೊಬೈಲ್, ಲ್ಯಾಪ್‌ಟಾಪ್ ಎಲ್ಲ ಸೇರಿ ಐವತ್ತರ ಹತ್ತಿರ. ಸಿಇಟಿ ಆಪ್ಷನ್ ಎಂಟ್ರಿಯ ಕೊನೇ ದಿನ ನೆಟ್ ಹೋದರೆ ಏನಾಗುತ್ತೆ ಅಂತ ಈ ಧಂದೆಯವರಿಗೆ ಬಿಡಿಸಿ ಹೇಳಬೇಕಿಲ್ಲ. 100 ಎಂಬಿಪಿಎಸ್‌ನ ಫೈಬರ್ ಒಂದು, ಕೇಬಲ್ ಆಪರೇಟರ್ ಕೊಟ್ಟ 50ರದ್ದು ಒಂದು, ಜೊತೆಗೆ ಸಿಮ್ ರೂಟರ್. ಮಧ್ಯೆ ಇವನ್ನೆಲ್ಲ ಹಿಡಿದು ಹಂಚೋ ರೂಟರ್, ಮೈಕ್ರೋಟಿಕ್ ಹೆಕ್ಸ್.

ಮೊದಲು ಎಲ್ಲರೂ ಮಾಡೋದನ್ನೇ ಮಾಡಿದೆ: ಪಿಸಿಸಿ, ಅಂದರೆ ಒಂದೊಂದು ಕನೆಕ್ಷನ್ನನ್ನೂ ಯಾವುದೋ ಒಂದು ಲೈನಿಗೆ ಹಂಚೋ ವಿಧಾನ, ಎರಡೂ ಕಡೆಯ ಐಪಿ ಅಡ್ರೆಸ್ ಮತ್ತು ಪೋರ್ಟ್ ನಂಬರಿನ ಲೆಕ್ಕದಲ್ಲಿ. ಸ್ಪೀಡ್‌ಟೆಸ್ಟ್‌ನಲ್ಲಿ 140ರ ಆಸುಪಾಸು ಬಂತು. ಆದರೆ ಮಾರನೇ ದಿನದಿಂದ ಗಲಾಟೆ. ಫಾರ್ಮ್ ಅರ್ಧ ತುಂಬೋ ಹೊತ್ತಿಗೆ ಪೋರ್ಟಲ್ ಲಾಗೌಟ್. ಒಟಿಪಿ ಹಾಕಿದರೆ ‘ಸೆಷನ್ ಮುಗಿದಿದೆ’. ಕಾರಣ ನಿಮಗೂ ಗೊತ್ತಿರೋದೇ: ಒಂದೇ ಬ್ರೌಸರ್‌ನ ಒಂದು ಕನೆಕ್ಷನ್ ಫೈಬರ್‌ನಲ್ಲಿ, ಇನ್ನೊಂದು ಕೇಬಲ್‌ನಲ್ಲಿ; ಆಚೆ ಸರ್ವರ್‌ಗೆ ಇಬ್ಬರು ಬೇರೆ ಬೇರೆ ಜನ ಕಂಡ ಹಾಗೆ. ಪೋರ್ಟ್ ತೆಗೆದು ಬರೀ ಅಡ್ರೆಸ್ ಜೋಡಿ ಇಟ್ಟೆ, ಸ್ವಲ್ಪ ಕಮ್ಮಿಯಾಯಿತು. ಫೀಸ್ ಕಟ್ಟೋವಾಗ ಮಾತ್ರ ಕೈಕೊಡೋದು ನಿಲ್ಲಲಿಲ್ಲ, ಯಾಕೆಂದರೆ ಪೇಮೆಂಟ್ ಪುಟದ ಸರ್ವರ್ ಬೇರೆ. ಎರಡು ಸಲ ಗಿರಾಕಿಯ ದುಡ್ಡು ಕಟ್ ಆಗಿ ರಸೀದಿ ಬರದೆ ನನ್ನ ಜೇಬಿಂದ ಕೊಟ್ಟಿದ್ದೀನಿ.

ಕೊನೆಗೆ ಕನೆಕ್ಷನ್ ಹಂಚೋದನ್ನೇ ಬಿಟ್ಟು ಜನರನ್ನ ಹಂಚಿದೆ. ಪಿಸಿಸಿಯಲ್ಲಿ ಬರೀ ಸೋರ್ಸ್ ಅಡ್ರೆಸ್, ಅಂದರೆ ನಮ್ಮ ಕಡೆಯ ಮೆಷಿನ್ನಿನದು. ಮೂರು ಪಾಲು ಮಾಡಿ ಎರಡು ಫೈಬರ್‌ಗೆ, ಒಂದು ಕೇಬಲ್‌ಗೆ. ಯಾವ ಮೆಷಿನ್ ಯಾವ ಲೈನ್‌ಗೆ ಬಿತ್ತೋ ಅದರಲ್ಲೇ ಇರುತ್ತೆ. ಕೆಳಗಿನ ಸಿಸ್ಟಮ್‌ಗಳನ್ನ ಮಾತ್ರ ಪಿಸಿಸಿಗೆ ಬಿಡದೆ ಅಡ್ರೆಸ್ ಲಿಸ್ಟ್ ಮಾಡಿ ಕೈಯಾರೆ ಕೂರಿಸಿದ್ದೀನಿ. ಹದಡಿ ರಸ್ತೆಯ ಗೆಳೆಯನೊಬ್ಬ ಬಂದು ಕೇಬಲ್ ಪಾಲಿನ ಸಿಸ್ಟಮ್‌ನಲ್ಲಿ ಟೆಸ್ಟ್ ಹಾಕಿ “ನೋಡು, ಐವತ್ತೂ ಇಲ್ಲ” ಅಂತ ನಕ್ಕ. ನಗಲಿ. ಒಬ್ಬನಿಗೆ 150 ಕೊಡೋದು ನನ್ನ ಕೆಲಸವಲ್ಲ, ಐವತ್ತು ಜನಕ್ಕೆ ತಡವರಿಸದ ಹಾಗೆ ಕೊಡೋದು.

ಫಾಸ್ಟ್‌ಟ್ರ್ಯಾಕ್ (ನಿಯಮ ನೋಡದೆ ಬೇಗ ದಾಟಿಸೋ ಅಡ್ಡದಾರಿ) ತೆಗೆಯಿರಿ, ಇಲ್ಲದಿದ್ದರೆ ಮ್ಯಾಂಗಲ್ (ಯಾವುದು ಯಾವ ಲೈನಿಗೆ ಅಂತ ಮಾರ್ಕ್ ಹಾಕೋ ನಿಯಮ) ಬರೆದಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು. ಲೋಕಲ್ ನೆಟ್‌ವರ್ಕ್‌ನ ಟ್ರಾಫಿಕ್ಕನ್ನ ಮಾರ್ಕ್‌ಗಿಂತ ಮುಂಚೆಯೇ ಬಿಟ್ಟುಬಿಡಿ.

ಹೆಚ್ಚು ತಲೆ ತಿಂದಿದ್ದು ಫೇಲೋವರ್, ಅಂದರೆ ಒಂದು ಲೈನ್ ಹೋದರೆ ತಾನಾಗೇ ಇನ್ನೊಂದಕ್ಕೆ ಹೋಗೋದು. ನಮ್ಮಲ್ಲಿ ಲೈನ್ ‘ಹೋಗೋದು’ ಅಪರೂಪ. ಒಎನ್‌ಟಿಯಲ್ಲಿ (ಫೈಬರ್ ಬಂದು ಸೇರೋ ಡಬ್ಬಿ) ಹಸಿರು ದೀಪ ಉರೀತಿರುತ್ತೆ, ಆಪರೇಟರ್ ಗೇಟ್‌ವೇ ಪಿಂಗ್‌ಗೆ ಉತ್ತರ ಕೊಡುತ್ತಿರುತ್ತೆ, ಅದರಾಚೆ ಏನೂ ಇರಲ್ಲ. ಅದಕ್ಕೆ ರಿಕರ್ಸಿವ್ ರೂಟ್ (ಗೇಟ್‌ವೇ ಬದಲು ಅದರಾಚೆಯ ಒಂದು ಐಪಿ ಸಿಗುತ್ತಾ ಅಂತ ನೋಡೋದು) ಹಾಕಿ ಫೈಬರ್‌ಗೆ 8.8.8.8, ಕೇಬಲ್‌ಗೆ 1.1.1.1 ಚೆಕ್ ಇಟ್ಟೆ. ಹತ್ತು ಸೆಕೆಂಡಿಗೊಂದು ಪಿಂಗ್, ಎರಡು ತಪ್ಪಿದರೆ ರೂಟ್ ಬೀಳುತ್ತೆ. ಫೈಬರ್ ಕಿತ್ತು ನೋಡಿದೆ: ಐಪಿಗೆ ಪಿಂಗ್ ಹೋಗ್ತಿದೆ, ಒಂದು ಸೈಟೂ ತೆಗೀತಿಲ್ಲ! ಅರ್ಧ ರಾತ್ರಿ ಹೋಯಿತು. ರೂಟರ್‌ನ ಡಿಎನ್‌ಎಸ್ (ಸೈಟಿನ ಹೆಸರಿಗೆ ಐಪಿ ಹುಡುಕಿಕೊಡೋದು) ಕೂಡ ಅದೇ 8.8.8.8, ಅದನ್ನ ನಾನೇ ಫೈಬರ್‌ಗೆ ಕಟ್ಟಿಹಾಕಿದ್ದೆ. ಈಗ ಚೆಕ್‌ಗೆ 8.8.4.4 ಮತ್ತು 1.0.0.1, ಡಿಎನ್‌ಎಸ್‌ಗೆ 8.8.8.8 ಮತ್ತು 1.1.1.1. ಮೈಕ್ರೋಟಿಕ್ ಸಾಫ್ಟ್‌ವೇರಿನ ವರ್ಷನ್ 7ಕ್ಕೆ ಹೋದವರು ಈ ರೂಟಿನ ಟಾರ್ಗೆಟ್ ಸ್ಕೋಪ್ ಸೆಟ್ಟಿಂಗ್ ನೋಡಿಕೊಳ್ಳಿ, 6ರ ಕಾನ್ಫಿಗ್ ಹಾಗೇ ಅಂಟಿಸಿದರೆ ರೂಟ್ ಏಳಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಒಂದು ಮಧ್ಯಾಹ್ನ ಎರಡೂ ಲೈನ್ ಒಟ್ಟಿಗೆ ಸತ್ತವು. ಹೊರಗೆ ಹೋಗಿ ನೋಡಿದರೆ, ತಿರುವಿನ ಬೆಸ್ಕಾಂ ಕಂಬದಲ್ಲಿ ಇಬ್ಬರ ಕೇಬಲ್ಲೂ ಒಂದೇ ಬೈಂಡಿಂಗ್ ವೈರಿನಲ್ಲಿ ಬಿಗಿದಿದ್ದರು. ಕೊಂಬೆ ಕಡಿಯೋವಾಗ ಎರಡೂ ಹರಿದಿತ್ತು. ಎರಡು ಕಂಪನಿ ಅಂದ ಮಾತ್ರಕ್ಕೆ ಎರಡು ದಾರಿ ಅಲ್ಲ. ಸಿಮ್ ರೂಟರ್ ಬಂದಿದ್ದು ಆಮೇಲೆ. ಅದರ ಮೇಲೆ ಬಿದ್ದಾಗ ರೀಡಿಂಗ್ ರೂಮ್ ಕಟ್, ಬರೀ ಕೆಳಗಿನ ಸಿಸ್ಟಮ್ ಓಡುತ್ತೆ. ಹುಡುಗರು ಬೈಕೊಳ್ತಾರೆ, ಓದಲಿ ಬಿಡಿ.

ನಡುವೆ ಒಂದು ಹುಚ್ಚು ಹಿಡಿದು ನಿಜವಾದ ಬಾಂಡಿಂಗೂ (ಲೈನ್‌ಗಳನ್ನ ಬೆಸೆದು ಒಂದೇ ಮಾಡೋದು) ಮಾಡಿದೆ. ಹಳೇ ಪಿಸಿಗೆ ಓಪನ್‌ಎಂಪಿಟಿಸಿಪಿರೂಟರ್ ಅನ್ನೋ ಸಾಫ್ಟ್‌ವೇರ್, ಆಚೆಗೆ ತಿಂಗಳಿಗೆ ಐನೂರು ಚಿಲ್ಲರೆಯ ವಿಪಿಎಸ್, ಅಂದರೆ ಬಾಡಿಗೆ ಸರ್ವರ್. ಒಂದೇ ಡೌನ್‌ಲೋಡ್ 120 ಮುಟ್ಟಿತು, ಸುಳ್ಳು ಹೇಳಲ್ಲ. ಆದರೆ ಸಿಂಗಪುರದ ಸರ್ವರ್ ಇಟ್ಟರೆ ನಮ್ಮ ಎಷ್ಟೋ ಸರ್ಕಾರಿ ಸೈಟ್ ತೆಗೀಲೇ ಇಲ್ಲ. ಮುಂಬೈದಕ್ಕೆ ಬದಲಿಸಿದರೆ ಹೆಜ್ಜೆಗೊಂದು ಕ್ಯಾಪ್ಚಾ. ಎರಡು ತಿಂಗಳಿಗೆ ಬಿಟ್ಟೆ. ಚಿತ್ರದುರ್ಗದ ಪರಿಚಯದವರ ಅಂಗಡಿಗೆ ಹಳೇ ಟಿಪಿ-ಲಿಂಕ್‌ನಲ್ಲಿ ಓಪನ್‌ಡಬ್ಲ್ಯುಆರ್‌ಟಿ ಅನ್ನೋ ಬೇರೆ ಸಾಫ್ಟ್‌ವೇರ್, ಅದರಲ್ಲಿ ಲೈನ್ ಹಂಚೋ ಎಂವಾನ್3 ಹಾಕಿಕೊಟ್ಟೆ. ಸ್ಟಿಕಿ (ಒಂದು ಮೆಷಿನ್ ಕೆಲಹೊತ್ತು ಅದೇ ಲೈನಲ್ಲಿ ಉಳಿಯೋ ಸೆಟ್ಟಿಂಗ್) ಆನ್ ಮಾಡಿದ ಮೇಲೆ ನಾಲ್ಕೈದು ಜನಕ್ಕೆ ಚೆನ್ನಾಗೇ ಓಡುತ್ತಿದೆ.

ಖರ್ಚು: ಹೆಕ್ಸ್ ಐದು ಸಾವಿರದ ಸುತ್ತಮುತ್ತ, ಸಿಮ್ ರೂಟರ್ ಸೆಕೆಂಡ್‌ಹ್ಯಾಂಡ್ ಎರಡು ಸಾವಿರದೊಳಗೆ, 12 ವೋಲ್ಟ್ ಮಿನಿ ಯುಪಿಎಸ್ ಎರಡು. ನನ್ನ ಹತ್ರ ಇರೋ ಹೆಕ್ಸ್ ಮಾಡೆಲ್ 8ರಿಂದ 30 ವೋಲ್ಟ್‌ವರೆಗೆ ತಗೊಳ್ಳುತ್ತೆ, ಬೇರೆ ಅಡಾಪ್ಟರ್ ಹುಡುಕೋದು ಬೇಡ. ತಿಂಗಳಿಗೆ ಮೂರೂ ಲೈನ್ ಸೇರಿ, 18 ಪರ್ಸೆಂಟ್ ಜಿಎಸ್‌ಟಿ ಹಿಡಿದು, ಸಾವಿರದ ಎಂಟುನೂರು ಬೀಳಬಹುದು. ಆಪ್ಷನ್ ಎಂಟ್ರಿ ಸೀಸನ್ನಿನ ಒಂದು ವಾರದಲ್ಲೇ ಅದು ವಾಪಸ್.

ಲೈನ್ ಬಿದ್ದಾಗ ಹಳೇ ಕನೆಕ್ಷನ್‌ಗಳು ಸತ್ತ ಲೈನಿಗೇ ಜೋತುಬಿದ್ದಿರುತ್ತವಲ್ಲ, ಅವನ್ನ ಬಿಡಿಸೋಕೆ, ಲೈನ್ ಇದೆಯಾ ಅಂತ ಕಾಯ್ತಿರೋ ಹೆಕ್ಸಿನ ನೆಟ್‌ವಾಚ್‌ನಲ್ಲಿ ಒಂದು ಸ್ಕ್ರಿಪ್ಟ್ ಇದೆ. ಸಂಜೆ ಹೊತ್ತಿಗೆ ಪಾಲು ತಾನಾಗೇ ಬದಲಾಗೋ ಇನ್ನೊಂದಿದೆ. ಅವೆರಡನ್ನ ಇಲ್ಲಿ ಹಾಕಲ್ಲ. ಈಗ ಬೇರೆ ಅಂಗಡಿಗಳಿಗೂ ಹಾಕಿಕೊಡ್ತಿದ್ದೀನಿ, ಹದಡಿ ರಸ್ತೆಯವನೂ ಹೋದ ತಿಂಗಳು ರೇಟ್ ಕೇಳಿದ್ದಾನೆ.