ಮೊಸರಿಗೆ ಎಂಟು ವಾರ, ಬಿಪಿಗೊಂದು ನೋಟ್‌ಬುಕ್

ನನ್ನ ಬಿಪಿ 138/88 ಬಂದ ದಿನ ಡಾಕ್ಟರ್ ಮಾತ್ರೆ ಬರೆಯಲಿಲ್ಲ. ಮೂರು ತಿಂಗಳು ಊಟ, ನಡಿಗೆ ನೋಡಿಕೊಳ್ಳಿ, ಮನೆಯಲ್ಲೇ ಅಳೆದು ಬರೆದು ತನ್ನಿ ಅಂದರು. ಮೊಸರಿನಿಂದ ಬಿಪಿ ಸ್ವಲ್ಪ ಇಳಿಯಬಹುದು ಅನ್ನುವ ವಿಷಯ ನಾನು ಓದಲು ಶುರು ಮಾಡಿದ್ದು ಆಗಲೇ. ನೀವೂ ಪ್ರಯತ್ನಿಸುವುದಾದರೆ, ದಯವಿಟ್ಟು ಅಳತೆಯಿಂದಲೇ ಶುರು ಮಾಡಿ.

ಮೊದಲ ವಾರ ಊಟದಲ್ಲಿ ಏನೂ ಬದಲಿಸಬೇಡಿ. ಬೆಳಗ್ಗೆ, ಸಂಜೆ ಬಿಪಿ ನೋಡಿ, ಅಷ್ಟೇ. ಅದಕ್ಕೆ ಮುಂಚೆ ಅರ್ಧ ಗಂಟೆ ಕಾಫಿ, ವ್ಯಾಯಾಮ ಬೇಡ. ಬೆನ್ನು ಒರಗಿಸಿ, ಪಾದ ನೆಲಕ್ಕಿಟ್ಟು ಐದು ನಿಮಿಷ ಸುಮ್ನೆ ಕೂರಿ. ಬಿಪಿ ಯಂತ್ರದ ಪಟ್ಟಿಯನ್ನು ಬಟ್ಟೆಯಿಲ್ಲದ ತೋಳಿಗೆ ಕಟ್ಟಿ, ತೋಳು ಎದೆಯ ಮಟ್ಟದಲ್ಲಿರಲಿ. ಒಂದು ನಿಮಿಷ ಬಿಟ್ಟು ಎರಡನೇ ಸಲ ನೋಡಿ, ಎರಡನ್ನೂ ಬರೆದಿಡಿ. ಮೊದಮೊದಲು ನಾನು ಮನೆಯವರ ಜೊತೆ ಮಾತಾಡುತ್ತಲೇ ಅಳೆಯುತ್ತಿದ್ದೆ. ಮಾತಾಡಿದರೆ ಬಿಪಿ ಏರುತ್ತದೆ. ಆ ನಾಲ್ಕು ದಿನದ ಅಂಕಿಗಳನ್ನು ಹೊಡೆದು ಹಾಕಿ ಮತ್ತೆ ಶುರು ಮಾಡಬೇಕಾಯಿತು.

ಇಷ್ಟು ಜೋಪಾನ ಯಾಕೆ ಅಂದರೆ, ಮೊಸರಿನಿಂದ ಆಗುವ ಇಳಿಕೆ ಸಣ್ಣದು. ಪ್ರೋಬಯಾಟಿಕ್, ಅಂದರೆ ದೇಹಕ್ಕೆ ಒಳ್ಳೆಯದು ಮಾಡುವ ಜೀವಂತ ಬ್ಯಾಕ್ಟೀರಿಯಾ, ಇದರ ಬಗ್ಗೆ ಅದುವರೆಗೆ ನಡೆದಿದ್ದ 9 ಪ್ರಯೋಗಗಳನ್ನು, ಒಟ್ಟು 543 ಜನರ ಅಂಕಿಗಳನ್ನು ಸಂಶೋಧಕರು 2014ರಲ್ಲಿ ಒಟ್ಟಿಗೆ ನೋಡಿದರು. ಮೇಲಿನ ಅಂಕಿ ಸರಾಸರಿ 3.56, ಕೆಳಗಿನದು 2.38 ಇಳಿದಿತ್ತು. ಎಂಟು ವಾರಕ್ಕಿಂತ ಕಡಿಮೆ ತಗೊಂಡವರಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇರಲಿಲ್ಲ. ಬಿಪಿ ಮೊದಲೇ 130/85 ದಾಟಿದ್ದವರಿಗೆ ಲಾಭ ಜಾಸ್ತಿ. ಒಂದಕ್ಕಿಂತ ಹೆಚ್ಚು ಬಗೆಯ ಬ್ಯಾಕ್ಟೀರಿಯಾ ಇದ್ದಾಗಲೂ ಹಾಗೆಯೇ.

ಇಳಿಯುವುದು ಹೇಗೆ? ಬ್ಯಾಕ್ಟೀರಿಯಾಗಳು ಹಾಲಿನ ಕೇಸೀನ್ ಪ್ರೋಟೀನನ್ನು ಚೂರು ಮಾಡುತ್ತವೆ. ಕೆಲವು ಚೂರುಗಳು ಎಸಿಇ ಅನ್ನುವ ಕಿಣ್ವಕ್ಕೆ ಅಡ್ಡ ಬರುತ್ತವೆ. ರಕ್ತನಾಳಗಳನ್ನು ಬಿಗಿ ಮಾಡುವ ರಾಸಾಯನಿಕ ತಯಾರಾಗುವುದು ಈ ಕಿಣ್ವದಿಂದಲೇ. ರಾಮಿಪ್ರಿಲ್, ಎನಾಲಪ್ರಿಲ್ ಅನ್ನುವ ಬಿಪಿ ಮಾತ್ರೆಗಳೂ ಇದನ್ನೇ ತಡೆಯುತ್ತವೆ, ಆದರೆ ಬಹಳ ಜೋರಾಗಿ. ಲ್ಯಾಕ್ಟೋಬ್ಯಾಸಿಲಸ್ ಹೆಲ್ವೆಟಿಕಸ್ ಅನ್ನುವ ಬ್ಯಾಕ್ಟೀರಿಯಾ ಇಂಥ ಚೂರು ಮಾಡುವುದರಲ್ಲಿ ಚುರುಕು. ಅದರಿಂದ ಹುಳಿ ಬರಿಸಿದ ಹಾಲನ್ನು ಜಪಾನಿನಲ್ಲಿ 1990ರ ದಶಕದಲ್ಲೇ ಪರೀಕ್ಷೆ ಮಾಡಿದ್ದರು.

ಎರಡನೇ ವಾರದಿಂದ ದಿನಕ್ಕೊಂದು ಬಟ್ಟಲು ಮೊಸರು ಅಥವಾ ಕೆಫಿರ್ (ಮೊಸರಿನಂತೆಯೇ ಹುದುಗಿಸಿದ, ಕುಡಿಯುವ ಹಾಲು) ಶುರು ಮಾಡಿ. ಕೆಫಿರ್‌ನಲ್ಲಿ ಬ್ಯಾಕ್ಟೀರಿಯಾದ ಬಗೆಗಳು ಜಾಸ್ತಿ. ಅಂಗಡಿಯದಾದರೆ ‘ಜೀವಂತ ಬ್ಯಾಕ್ಟೀರಿಯಾ’ ಇದೆ ಅಂತ ಬರೆದಿರಬೇಕು. ಹುದುಗಿದ ಮೇಲೆ ಪಾಶ್ಚರೀಕರಿಸಿದ್ದರೆ ಅವು ಸತ್ತಿರುತ್ತವೆ. ಸಕ್ಕರೆ ಹಾಕಿದ್ದು ಬೇಡ. ಮನೆಯಲ್ಲಿ ಮಾಡುವುದಾದರೆ ಹಾಲು ಕಾಯಿಸಿ, ಸುಮಾರು 43 ಡಿಗ್ರಿಗೆ ಆರಿದ ಮೇಲೆ ಹೆಪ್ಪು ಹಾಕಿ. ತಯಾರಾದದ್ದನ್ನು ಕುದಿಸಬೇಡಿ.

ಉಪ್ಪಂತೂ ಹಾಕಲೇಬೇಡಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ. ಮೊಸರಿಗೇ ಅರ್ಧ ಚಮಚ ಹಾಕಿಕೊಂಡರೆ ಏನು ಉಳಿಯಿತು, ಹೇಳಿ? ಮೊದಲ ಹತ್ತು ದಿನ ನನಗೆ ಸಪ್ಪೆ ಅನಿಸಿತು. ಆಮೇಲೆ ಆ ಹುಳಿಯೇ ರುಚಿಯಾಯಿತು.

ಒಂಬತ್ತನೇ ವಾರದ ಸರಾಸರಿಯನ್ನು ಮೊದಲ ವಾರದ ಸರಾಸರಿ ಜೊತೆ ಹೋಲಿಸಿ, ಒಂದೊಂದು ದಿನದ ಏರಿಳಿತ ನೋಡಿ ಕಂಗಾಲಾಗಬೇಡಿ. ನನ್ನದು 136/86 ಇದ್ದದ್ದು 131/83ಕ್ಕೆ ಬಂತು. ಇದರಲ್ಲಿ ಉಪ್ಪು ಬಿಟ್ಟದ್ದು, ಬೆಳಗಿನ ನಡಿಗೆ, ಎಲ್ಲದರ ಪಾಲೂ ಇದೆ. ಮೊಸರೊಂದೇ ಮಾಡಿತು ಅಂತ ನಾನು ಹೇಳಲಾರೆ.

ಬಿಪಿ ಮಾತ್ರೆ ತಗೊಳ್ಳುವವರು ಅಂಕಿ ಇಳಿಯಿತು ಅಂತ ತಾವೇ ನಿಲ್ಲಿಸಬಾರದು. ನೋಟ್‌ಬುಕ್ ಡಾಕ್ಟರಿಗೆ ತೋರಿಸಿ, ಅವರೇ ನಿರ್ಧರಿಸಲಿ. ಕಿಡ್ನಿ ತೊಂದರೆ ಇರುವವರು, ಕೀಮೋಥೆರಪಿಯಲ್ಲಿರುವವರು ಶುರು ಮಾಡುವ ಮುಂಚೆಯೇ ಕೇಳಬೇಕು.