ಪಿತೃ, ಮಾತೃ, ಭ್ರಾತೃ: ಒಂದು ‘ತ’ಕಾರದ ಜಾಡು ಹಿಡಿದು

ಸಂಸ್ಕೃತ, ಗ್ರೀಕ್, ಲ್ಯಾಟಿನ್, ಇಂಗ್ಲಿಷ್ ಮುಂತಾದವಕ್ಕೆಲ್ಲ ತಾಯಿಯಾದ ಮೂಲ ಇಂಡೋ-ಯುರೋಪಿಯನ್ ಭಾಷೆಯ ಒಂದು ಅಕ್ಷರವೂ ಬರಹದಲ್ಲಿ ಸಿಕ್ಕಿಲ್ಲ. ಅದರ ವ್ಯಂಜನಗಳನ್ನು ಅದರಿಂದ ಹುಟ್ಟಿದ ಭಾಷೆಗಳನ್ನು ಹೋಲಿಸಿಯೇ ಹುಡುಕಬೇಕು. ನಾನು ಶುರು ಮಾಡಿದ್ದು ನಂಟಿನ ಪದಗಳಿಂದ. ಇಂಥ ಪದಗಳು ಬೇರೆ ಭಾಷೆಯಿಂದ ಕಡ ಬರುವುದು ಕಡಿಮೆ.

ನೋಟ್‌ಬುಕ್ಕಿನಲ್ಲಿ ಸಂಸ್ಕೃತ, ಗ್ರೀಕ್, ಲ್ಯಾಟಿನ್, ಹಳೆಯ ಇಂಗ್ಲಿಷ್ ಎಂದು ಕಾಲಂ ಎಳೆದೆ. ‘ಪ’ ಸುಲಭವಾಗಿ ಕೂತಿತು: ಪಿತೃ, ಪತೇರ್, ಪತೆರ್, ಆಮೇಲೆ ಫ್ಯಾದೆರ್. ಪಾಲು ಹಾಲಾದದ್ದನ್ನು ಕಂಡ ಕನ್ನಡಿಗರಿಗೆ ‘ಪ’ ಸಡಿಲವಾಗುವುದು ಹೊಸದಲ್ಲ, ಅಲ್ವಾ?

ತೊಡಕು ಬಂದದ್ದು ‘ತ’ದಲ್ಲಿ. ಸಂಸ್ಕೃತದ ತ್ರಯಃ ಇಂಗ್ಲಿಷ್‌ನಲ್ಲಿ ಥ್ರೀ. ಹಾಗಾದರೆ ‘ತ’ಕ್ಕೆ ಎಲ್ಲ ಕಡೆ ‘ಥ’ ಬರಬೇಕು. ಹಳೆಯ ಇಂಗ್ಲಿಷ್‌ನಲ್ಲಿ ಭ್ರಾತೃ ಬ್ರೋಥೋರ್ ಆಗಿದೆ, ಸರಿ. ಆದರೆ ಪಿತೃ ಫ್ಯಾದೆರ್, ಮಾತೃ ಮೋದೋರ್. ಇಲ್ಲಿ ‘ದ’ ಯಾಕೆ? ಇಂದಿನ ಇಂಗ್ಲಿಷ್ ನೋಡಿದರೆ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ಫಾದರ್, ಮದರ್, ಬ್ರದರ್ ಮೂರೂ ಈಗ ಒಂದೇ ಥರ. ಜರ್ಮನ್ ಮಾತ್ರ ಬ್ರೂಡರ್ ಒಂದು ಕಡೆ, ಫಾಟರ್, ಮುಟ್ಟರ್ ಇನ್ನೊಂದು ಕಡೆ ಎಂದು ವ್ಯತ್ಯಾಸ ಉಳಿಸಿಕೊಂಡಿದೆ.

ಉತ್ತರ ಇರುವುದು ವೇದದ ಸ್ವರದಲ್ಲಿ, ಅಂದರೆ ಓದುವಾಗ ದನಿಯ ಏರಿಳಿತದಲ್ಲಿ. ಡೆನ್ಮಾರ್ಕಿನ ಕಾರ್ಲ್ ವರ್ನರ್ 1875ರಲ್ಲಿ ಇದನ್ನು ಕಂಡುಕೊಂಡರು. ‘ತ’ದ ಹಿಂದಿನ ಅಕ್ಷರ ಉದಾತ್ತವಾಗಿದ್ದರೆ, ಅಂದರೆ ಅಲ್ಲಿ ದನಿ ಏರಿದ್ದರೆ, ‘ಥ’ ಉಳಿಯಿತು, ಇಲ್ಲದಿದ್ದರೆ ಮೆತ್ತಗಾಗಿ ‘ದ’ ಆಯಿತು. ನಾನು ಕನ್ನಡ ಲಿಪಿಯ ಋಗ್ವೇದ ತೆಗೆದು ನೋಡಿದೆ. ಮೊದಲ ಸೂಕ್ತದಲ್ಲೇ ‘ಸ ನಃ ಪಿತೇವ ಸೂನವೇ’ ಇದೆ. ‘ಪಿ’ ಕೆಳಗೆ ಅಡ್ಡಗೆರೆ, ಅಂದರೆ ಅನುದಾತ್ತ, ತಗ್ಗಿದ ದನಿ. ಉದಾತ್ತ ಇರುವುದು ‘ತೇ’ ಮೇಲೆ. ಮಾತೃ ಕೂಡ ಹಾಗೇ. ಭ್ರಾತೃವಿನಲ್ಲಿ ಮಾತ್ರ ಉದಾತ್ತ ‘ಭ್ರಾ’ ಮೇಲೆ. ಗ್ರೀಕ್ ನಂಬಿದ್ದರೆ ಸಿಕ್ಕಿಬೀಳುತ್ತಿದ್ದೆ. ಅಲ್ಲಿ ತಾಯಿಯ ಪದ ಮೇತೇರ್, ಒತ್ತು ಮೊದಲಿಗೇ ಸರಿದಿದೆ.

ಮೂರು ಪದಕ್ಕೆ ಹೊಂದುವ ನಿಯಮವನ್ನು ಯಾರು ಬೇಕಾದರೂ ಕಟ್ಟಬಹುದು. ಅದಕ್ಕೇ ಬೇರೆ ಪದಗಳಲ್ಲಿ, ಬೇರೆ ವ್ಯಂಜನದಲ್ಲಿ ಪರೀಕ್ಷೆ ಮಾಡಿದೆ. ಶ್ವಶುರದಲ್ಲಿ ಉದಾತ್ತ ಮೊದಲಿಗೆ, ಶ್ವಶ್ರೂದಲ್ಲಿ ಕೊನೆಗೆ. ಹಳೆಯ ಜರ್ಮನ್‌ನಲ್ಲಿ ಮಾವ ಸ್ವೆಹುರ್, ಅತ್ತೆ ಸ್ವಿಗರ್. ಎರಡನೇ ‘ಶ’ದ ಜಾಗದಲ್ಲಿ ಒಂದರಲ್ಲಿ ‘ಹ’, ಇನ್ನೊಂದರಲ್ಲಿ ಮೆತ್ತಗಾದ ‘ಗ’, ನಿಯಮ ಹೇಳಿದಂತೆಯೇ! ಆಗ ಮಾತ್ರ ನಂಟಿನ ಆ ಮೂರೂ ಪದಗಳಿಗೆ ಮೂಲದಲ್ಲಿ ಒಂದೇ ‘ತ’ ಎಂದು ಧೈರ್ಯವಾಗಿ ಬರೆದೆ.

ನೀವೂ ಮಾಡಿ ನೋಡುವುದಾದರೆ ಸ್ವರದ ಗುರುತು ಇರುವ ವೇದದ ಪುಸ್ತಕವನ್ನೇ ಇಟ್ಟುಕೊಳ್ಳಿ. ಗುರುತಿಲ್ಲದ ಪುಸ್ತಕ ಈ ಕೆಲಸಕ್ಕೆ ಬರುವುದಿಲ್ಲ.