ಅರ್ಧಕ್ಕೆ ನಿಂತ ಪಾತ್ರಗಳ ಲೆಕ್ಕ ಇಡುವುದು ಹೇಗೆ

ಆರೇಳು ಸೀಸನ್ ಓಡಿದ ನಿಗೂಢ ಕಥೆಯ ಸರಣಿ ಮುಗಿದ ಮೇಲೆ "ಆ ಹುಡುಗನ ಕಥೆ ಕೊನೆಗೆ ಏನಾಯ್ತು?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಉತ್ತರ ಕೆಲವೊಮ್ಮೆ ನಡುವಿನ ಯಾವುದೋ ಕಂತಿನಲ್ಲಿ ಒಂದೇ ಮಾತಿನಲ್ಲಿ ಬಂದುಹೋಗಿರುತ್ತದೆ, ಕೆಲವೊಮ್ಮೆ ಬಂದೇ ಇರುವುದಿಲ್ಲ. ಎರಡರಲ್ಲಿ ಯಾವುದು ಎಂದು ಹೇಳಲು ನೆನಪು ಸಾಲದು, ಪಟ್ಟಿ ಬೇಕು. ಇಲ್ಲಿನ ಉದಾಹರಣೆಗಳು ಎರಡು ಅಮೆರಿಕನ್ ಸರಣಿಗಳವು: ವಿಮಾನ ಅಪಘಾತದಲ್ಲಿ ಬದುಕುಳಿದವರು ದ್ವೀಪವೊಂದರಲ್ಲಿ ಸಿಕ್ಕಿಬೀಳುವ ಲಾಸ್ಟ್ (2004–2010) ಮತ್ತು ಸಣ್ಣ ಊರೊಂದರ ಕೊಲೆಯ ಸುತ್ತ ಹೆಣೆದ ಟ್ವಿನ್ ಪೀಕ್ಸ್ (1990–91, ಮತ್ತೆ 2017). ಇವನ್ನು ನೋಡದವರಿಗೆ ಗುಟ್ಟು ರಟ್ಟಾಗುತ್ತದೆ, ಮೊದಲೇ ಹೇಳಿಬಿಟ್ಟಿದ್ದೇವೆ.

ಮೊದಲ ಕೆಲಸ, ಪಟ್ಟಿಗೆ ಏನು ಬರಬಾರದು ಎಂದು ತೀರ್ಮಾನಿಸುವುದು. "ಈ ದ್ವೀಪಕ್ಕೆ ಈ ಶಕ್ತಿ ಎಲ್ಲಿಂದ ಬಂತು" ಎನ್ನುವುದು ಕಥಾಲೋಕದ ಪ್ರಶ್ನೆ. ಅದಕ್ಕೆ ಬೇರೆ ಹಾಳೆ ಇಡಿ. ಪಾತ್ರದ ಎಳೆ ಎನ್ನಬೇಕಾದರೆ ಒಬ್ಬ ವ್ಯಕ್ತಿ ಇರಬೇಕು, ಆ ವ್ಯಕ್ತಿಗೆ ಏನೋ ಬೇಕಾಗಿರಬೇಕು ಅಥವಾ ಏನನ್ನೋ ಬಚ್ಚಿಟ್ಟಿರಬೇಕು, ಮತ್ತು ಸರಣಿಯೇ "ಇದನ್ನು ಮುಂದೆ ಹೇಳುತ್ತೇವೆ" ಎಂದು ಮಾತು ಕೊಟ್ಟ ದೃಶ್ಯವೊಂದು ಇರಬೇಕು. ಈ ಮೂರನೆಯದನ್ನು ಬಿಟ್ಟರೆ ಪಟ್ಟಿ ಹನುಮಂತನ ಬಾಲದಂತೆ ಬೆಳೆಯುತ್ತದೆ. ನೋಡುವವರಿಗೆ ಕುತೂಹಲ ಹುಟ್ಟಿದ್ದೆಲ್ಲ ಬರೆದವರ ಸಾಲವಲ್ಲ.

ಕೊಟ್ಟ ಮಾತಿನ ತೂಕವನ್ನೂ ಬರೆದಿಡಿ. ಕಂತು ಅಥವಾ ಸೀಸನ್ ಅದೇ ದೃಶ್ಯದ ಮೇಲೆ ಮುಗಿದಿದ್ದರೆ 3, ಕಂತಿನ ನಡುವೆ ಅದಕ್ಕೆಂದೇ ಒಂದು ದೃಶ್ಯ ಇದ್ದರೆ 2, ಬರೀ ಒಂದು ಸಾಲಿನ ಮಾತಿದ್ದರೆ 1. ತೂಕ 1ರ ಎಳೆಗಳ ಬೆನ್ನು ಹತ್ತಿ ವಾರಗಟ್ಟಲೆ ಕಳೆಯಬೇಡಿ.

ಸ್ಪ್ರೆಡ್‌ಶೀಟ್‌ನಲ್ಲಿ ಏಳು ಕಾಲಂ ಸಾಕು: ಪಾತ್ರ, ಎಳೆ (ಪ್ರಶ್ನೆಯ ರೂಪದಲ್ಲಿ ಒಂದೇ ವಾಕ್ಯ), ಮಾತು ಕೊಟ್ಟ ದೃಶ್ಯ (ಸೀಸನ್, ಕಂತು, ನಿಮಿಷ), ತೂಕ, ಕೊನೆಯ ಪ್ರಸ್ತಾಪ (ಅದೇ ರೀತಿ), ಸ್ಥಿತಿ, ಪುರಾವೆ. ನಿಮಿಷ ಬರೆಯುವುದು ಬೇಸರದ ಕೆಲಸವೇ, ಆದರೆ ಅದಿಲ್ಲದ ಪಟ್ಟಿಯನ್ನು ಆರು ತಿಂಗಳ ನಂತರ ನೀವೇ ನಂಬುವುದಿಲ್ಲ. ಒಂದು ಸಾಲಿಗೆ ಒಂದೇ ಪ್ರಶ್ನೆ. ಅದು ಯಾಕೆ ಎಂಬುದಕ್ಕೆ ಲಾಸ್ಟ್‌ನ ಲಿಬ್ಬಿಯನ್ನೇ ನೋಡಿ.

ಎರಡನೇ ಸೀಸನ್ನಿನಲ್ಲಿ, ದ್ವೀಪದಲ್ಲಿ ಸಿಕ್ಕಿಬಿದ್ದವರಲ್ಲಿ ಒಬ್ಬನಾದ ಹರ್ಲಿಗೆ ತನ್ನಂತೆಯೇ ಅಲ್ಲಿರುವ ಲಿಬ್ಬಿಯನ್ನು ಮೊದಲೇ ಎಲ್ಲೋ ನೋಡಿದಂತೆ ಅನಿಸುತ್ತದೆ. 18ನೇ ಕಂತಿನ ಕೊನೆಯ ದೃಶ್ಯದಲ್ಲಿ, ಹರ್ಲಿ ಹಿಂದೆ ಇದ್ದ ಮಾನಸಿಕ ಆಸ್ಪತ್ರೆಯಲ್ಲೇ ಅವಳೂ ರೋಗಿಯಾಗಿ ಕುಳಿತಿದ್ದಾಳೆ. ಕಂತು ಮುಗಿಯುವುದೇ ಅಲ್ಲಿ, ಹಾಗಾಗಿ ತೂಕ 3. ಎರಡು ಕಂತು ಕಳೆಯುವಷ್ಟರಲ್ಲಿ ಅವಳಿಗೆ ಗುಂಡೇಟು ಬೀಳುತ್ತದೆ. ಸೀಸನ್ನಿನ ಕೊನೆಯ ಕಂತಿನ ಹಿನ್ನೋಟದಲ್ಲಿ, ತೀರಿಹೋದ ಗಂಡನ ದೋಣಿಯನ್ನು ಡೆಸ್ಮಂಡ್ ಎಂಬ ಇನ್ನೊಂದು ಪಾತ್ರಕ್ಕೆ ಕೊಡುತ್ತಾಳೆ. ಆರನೇ ಸೀಸನ್ನಿನಲ್ಲಿ ಹರ್ಲಿ–ಲಿಬ್ಬಿ ಮತ್ತೆ ಒಂದಾಗುತ್ತಾರೆ. ಈಗ "ಲಿಬ್ಬಿಯ ಕಥೆ" ಎಂದು ಒಂದೇ ಸಾಲು ಬರೆದರೆ ಅದು ಮುಗಿಯಿತೋ ಇಲ್ಲವೋ ಎಂದು ಜಗಳವೇ ಆಗುತ್ತದೆ. ಎರಡಾಗಿ ಒಡೆಯಿರಿ. "ಹರ್ಲಿಗೆ ಲಿಬ್ಬಿ ಸಿಗುತ್ತಾಳೆಯೇ?": ಮುಗಿದಿದೆ. "ಲಿಬ್ಬಿ ಆ ಆಸ್ಪತ್ರೆಗೆ ಸೇರಿದ್ದು ಯಾಕೆ?": ಉತ್ತರವಿಲ್ಲ. ಭಾವನೆಯ ಸಾಲ ತೀರಿದೆ, ಮಾಹಿತಿಯ ಸಾಲ ಹಾಗೇ ಉಳಿದಿದೆ. ಇಂಥ ಸರಣಿಗಳ ಮೇಲಿನ ವಾದಗಳು ಬಹುಪಾಲು ಈ ಎರಡನ್ನು ಕಲಸಿದ್ದರಿಂದ ಹುಟ್ಟಿದವು.

ಪಟ್ಟಿ ತುಂಬಿಸಲು ಇಡೀ ಸರಣಿಯನ್ನು ಮತ್ತೆ ನೋಡಬೇಕಿಲ್ಲ. ಲಾಸ್ಟ್‌ನಂಥ 120ರ ಆಸುಪಾಸಿನ ಕಂತುಗಳಿಗೆ, ಕಂತಿಗೆ 42 ನಿಮಿಷ ಹಿಡಿದರೂ, 84 ಗಂಟೆ ಬೇಕು. ಪ್ರತಿ ಸೀಸನ್ನಿನ ಮೊದಲ ಮತ್ತು ಕೊನೆಯ ಕಂತು, ಜೊತೆಗೆ ಆ ಪಾತ್ರವನ್ನೇ ಕೇಂದ್ರವಾಗಿಟ್ಟ ಕಂತುಗಳು ಎಂದು ಆರಿಸಿದರೆ 25ರೊಳಗೆ ಮುಗಿಯುತ್ತದೆ, ಅಂದರೆ ಸುಮಾರು ಹದಿನೇಳೂವರೆ ಗಂಟೆ. ಉಳಿದವುಗಳಿಗೆ ಸಬ್‌ಟೈಟಲ್ ಫೈಲ್ ಇದೆ. ಎಸ್‌ಆರ್‌ಟಿ ಫೈಲ್ ಎಂದರೆ ಸಮಯ ನಮೂದಿಸಿದ ಬರೀ ಪಠ್ಯ. ಎಲ್ಲವನ್ನೂ ಒಂದು ಫೋಲ್ಡರ್‌ಗೆ ಹಾಕಿ, ಫೋಲ್ಡರ್ ಪೂರ್ತಿ ಹುಡುಕಬಲ್ಲ ಯಾವುದೇ ಟೆಕ್ಸ್ಟ್ ಎಡಿಟರ್‌ನಲ್ಲಿ ಹೆಸರು ಹುಡುಕಿ. ಪ್ರತಿ ಪ್ರಸ್ತಾಪ ಅದರ ನಿಮಿಷದ ಸಮೇತ ಸಿಗುತ್ತದೆ.

ಇದು ಕೈಕೊಡುವ ಕಡೆಗಳೂ ಇವೆ. ಜನ ಒಬ್ಬರ ಹೆಸರು ಹಿಡಿದೇ ಮಾತಾಡುವುದಿಲ್ಲ. ಲಾಸ್ಟ್‌ನಲ್ಲಿ ವಾಲ್ಟ್ ಎಂಬ ಹುಡುಗನ ತಂದೆ ಮೈಕಲ್ "ನನ್ನ ಮಗ" ಎಂದಾಗಲೂ ಅದು ವಾಲ್ಟ್‌ನ ಎಳೆಯೇ, ಆದ್ದರಿಂದ ಅಡ್ಡಹೆಸರು, ಸಂಬಂಧ, ಕಸುಬು ಎಲ್ಲ ಸೇರಿಸಿ ಹುಡುಕಬೇಕು. ಮಾತಿಲ್ಲದ ದೃಶ್ಯ ಸಬ್‌ಟೈಟಲ್‌ನಲ್ಲಿ ಬರುವುದೇ ಇಲ್ಲ. ಲಿಬ್ಬಿ ಆಸ್ಪತ್ರೆಯಲ್ಲಿ ಕುಳಿತ ನೋಟ ಹೀಗೆ ತಪ್ಪಿಹೋಗುವಂಥದ್ದೇ. ಅನುವಾದದ ಸಬ್‌ಟೈಟಲ್‌ನಲ್ಲಿ ಜಾಗ ಸಾಲದೆ ಮಾತು ಮೊಟಕಾಗಿರುತ್ತದೆ, ಸಾಧ್ಯವಾದಷ್ಟೂ ಮೂಲ ಭಾಷೆಯದನ್ನೇ ಬಳಸಿ.

ಕಂತಿನ ಆರಂಭದ "ಇದುವರೆಗೆ" ತುಣುಕನ್ನು ಹಾರಿಸುವ ಅಭ್ಯಾಸವಿದ್ದರೆ ಈ ಕೆಲಸಕ್ಕಾಗಿ ಬಿಡಿ. ಎರಡು ಸೀಸನ್ ಹಿಂದಿನ ಮುಖ ಅಲ್ಲಿ ದಿಢೀರನೆ ಕಾಣಿಸಿತೆಂದರೆ ಆ ಎಳೆ ತಯಾರಕರ ಮೇಜಿನ ಮೇಲೆ ಇನ್ನೂ ಇದೆ ಎಂದರ್ಥ.

ಈಗ ಸ್ಥಿತಿಯ ಕಾಲಂ. ನಾಲ್ಕೇ ಪದ ಇಟ್ಟುಕೊಳ್ಳಿ: ಮುಗಿದಿದೆ, ಅರೆಬರೆ, ಕೈಬಿಟ್ಟಿದೆ, ಬೇಕೆಂದೇ ಬಿಟ್ಟಿದೆ. ಕೊನೆಯ ಎರಡನ್ನು ಬೇರ್ಪಡಿಸುವುದೇ ಕಷ್ಟ. ಒಂದು ಪರೀಕ್ಷೆ ಸಾಮಾನ್ಯವಾಗಿ ಕೆಲಸ ಮಾಡುತ್ತದೆ: ಕೊನೆಯ ಸೀಸನ್ನಿನಲ್ಲಿ ಯಾರಾದರೂ ಆ ಪ್ರಶ್ನೆಯನ್ನು ಮತ್ತೆ ಎತ್ತಿದ್ದಾರೆಯೇ? ಎತ್ತಿಯೂ ಉತ್ತರ ಕೊಡದಿದ್ದರೆ ಬೇಕೆಂದೇ ಬಿಟ್ಟದ್ದು. ಯಾರ ಬಾಯಲ್ಲೂ ಬರದಿದ್ದರೆ ಕೈಬಿಟ್ಟದ್ದು.

ಕೈಬಿಟ್ಟದ್ದು ಎಂದು ಬರೆದ ಕೂಡಲೇ ತೆರೆಯ ಹಿಂದಿನ ಕಾರಣ ನೋಡಿ, ಬಹಳ ಸಲ ಅದು ಕಥೆಯದ್ದಲ್ಲ. ಲಾಸ್ಟ್‌ನ ಮೊದಲ ನಾಲ್ಕು ಸೀಸನ್‌ಗಳಲ್ಲಿ ದ್ವೀಪದ ಮೇಲೆ ಕಳೆಯುವುದು ನೂರು ಚಿಲ್ಲರೆ ದಿನ, ಪ್ರಸಾರಕ್ಕೆ ಹಿಡಿದದ್ದು 2004ರಿಂದ 2008ರವರೆಗೆ. ವಾಲ್ಟ್ ಪಾತ್ರದ ಹುಡುಗ ಅಷ್ಟರಲ್ಲಿ ಎತ್ತರಕ್ಕೆ ಬೆಳೆದಿದ್ದ. ಎರಡನೇ ಸೀಸನ್ನಿನ ಕೊನೆಗೆ ತಂದೆಯ ಜೊತೆ ದೋಣಿ ಹತ್ತಿ ಹೋದ ಮೇಲೆ ಅವನು ಅಪರೂಪಕ್ಕೆ ಮಾತ್ರ ಕಾಣಿಸುತ್ತಾನೆ. 2007–08ರ ಅಮೆರಿಕದ ಬರಹಗಾರರ ಮುಷ್ಕರದಿಂದ ನಾಲ್ಕನೇ ಸೀಸನ್ 16ರ ಬದಲು 14 ಕಂತಿಗೆ ನಿಂತಿತು. ನಟರು ಬಿಟ್ಟುಹೋಗುವುದು, ಬರಹಗಾರರ ತಂಡ ಬದಲಾಗುವುದು, ಚಾನೆಲ್ ಸರಣಿಯನ್ನೇ ನಿಲ್ಲಿಸುವುದು ಇವೂ ಇದೇ ಸಾಲಿನವು. ಆರಂಭದ ಟೈಟಲ್‌ನಲ್ಲಿ ಒಬ್ಬರ ಹೆಸರು ಮುಖ್ಯ ತಾರಾಗಣದಿಂದ ಅತಿಥಿ ಕಲಾವಿದರ ಪಟ್ಟಿಗೆ ಇಳಿದ ಕಂತನ್ನು ಗುರುತಿಸಿಕೊಳ್ಳಿ, ಕೊನೆಯ ಪ್ರಸ್ತಾಪ ಅದರ ಸುತ್ತಮುತ್ತಲೇ ಇರುವ ಸಂಭವ ಹೆಚ್ಚು.

ಪುರಾವೆಯಲ್ಲಿ ಮೇಲು–ಕೀಳು ಇದೆ. ಪ್ರಸಾರವಾದ ಕಂತು ಮೊದಲು. ಅದೇ ತಯಾರಕರು ಅಧಿಕೃತವಾಗಿ ಬಿಡುಗಡೆ ಮಾಡಿದ ಹೆಚ್ಚುವರಿ ತುಣುಕು ನಂತರ: ಲಾಸ್ಟ್‌ನ 2010ರ ಡಿವಿಡಿಯಲ್ಲಿ ಬಂದ ಸುಮಾರು 12 ನಿಮಿಷದ ಉಪಸಂಹಾರದಲ್ಲಿ ವಾಲ್ಟ್ ಮತ್ತೆ ಬರುತ್ತಾನೆ. ಅವನ ಸಾಲಿಗೆ "ಕಂತುಗಳಲ್ಲಿ ಕೈಬಿಟ್ಟಿದೆ, ಡಿವಿಡಿಯಲ್ಲಿ ಅರೆಬರೆ" ಎಂದು ಬರೆಯುವುದು ನ್ಯಾಯ. ಸಂದರ್ಶನದಲ್ಲಿ ಹೇಳಿದ್ದು ಕೊನೆಗೆ, ಅದರಿಂದ ಸ್ಥಿತಿಯನ್ನು ಬದಲಿಸಬೇಡಿ. ತೆರೆಯ ಮೇಲೆ ಹೇಳದ್ದನ್ನು ಬಾಯಿಮಾತಿನಲ್ಲಿ ತೀರಿಸುವುದು ಉತ್ತರವಲ್ಲ, ವಿವರಣೆ. ಅಭಿಮಾನಿಗಳ ಊಹೆಗೆ, ಎಷ್ಟೇ ಸೊಗಸಾಗಿರಲಿ, ಈ ಹಾಳೆಯಲ್ಲಿ ಜಾಗವಿಲ್ಲ.

ಸರಣಿ ಮರಳಿ ಬಂದರೆ ಹಳೆಯ ಸ್ಥಿತಿಯನ್ನು ಅಳಿಸದೆ ಪಕ್ಕದಲ್ಲಿ ಇಸವಿ ಹಾಕಿ ಹೊಸ ಕಾಲಂ ಸೇರಿಸಿ. ಟ್ವಿನ್ ಪೀಕ್ಸ್‌ನಲ್ಲಿ ಆಡ್ರಿ ಎಂಬ ಯುವತಿ 1991ರ ಕೊನೆಯ ಕಂತಿನಲ್ಲಿ ಬ್ಯಾಂಕಿನೊಳಗೆ ಇರುವಾಗಲೇ ಸ್ಫೋಟವಾಗುತ್ತದೆ. 2017ರ 18 ಕಂತುಗಳಲ್ಲಿ ಅವಳು ಮತ್ತೆ ಬಂದದ್ದರಿಂದ "ಬದುಕಿದಳೇ?" ಎಂಬ ಸಾಲಿಗೆ ಉತ್ತರ ಸಿಕ್ಕಂತಾಯಿತು, ಆದರೆ "ಈಗ ಎಲ್ಲಿದ್ದಾಳೆ?" ಎಂಬ ಹೊಸ ಸಾಲು ಹುಟ್ಟಿತು. ಅದಕ್ಕೆ ತೂಕ 3 ಕೊಟ್ಟು, ಬೇಕೆಂದೇ ಬಿಟ್ಟದ್ದರ ಕೆಳಗೆ ಹಾಕಿ.